ಚಾರ್ಮಿನಾರ್ ನೋಡಿ ಬಳೆ ಕೊಂಡು ಬಂದರೆ ಮುಗಿಯಿತೇ?

ನಮ್ಮ ಸೇಡಂ ತಾಲೂಕಿನ ಹೈಸ್ಕೂಲೊಂದರ ಮಾಸ್ತರರು ಮೊನ್ನೆ ಫೋನ್ ಮಾಡಿದ್ದರು. ಶಾಲಾ ಪ್ರವಾಸದ ಸುದ್ದಿ. "ಸರ, ಈ ಸಲ ಹುಡುಗ್ರನ್ನ ಎಲ್ಲಿಗಿ ಒಯ್ಬೇಕು ಹೇಳ್ರಿ. ಮೈಸೂರು ಅಂದ್ರ ಬಸ್ಸಿನಾಗೇ ಎರಡು ರಾತ್ರಿ ಹೋಗ್ತಾವ. ಹುಡುಗ್ರು ಅರಮನಿ ನೋಡೋದಕ್ಕಿಂತ ವಾಂತಿ ಮಾಡ್ಕೋಳೋದೇ ಜಾಸ್ತಿ" ಎಂದರು. ಹೈದರಾಬಾದಿಗೆ ಕರೆದೊಯ್ಯಿರಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಬ್ಯಾರೆ ರಾಜ್ಯ ಅಲ್ರಿ? ಅಲ್ಲಿ ನಮ್ದೇನದ?" ಎಂದು ಕೇಳಿದರು.

ಈ ಲೇಖನ ಆ ಪ್ರಶ್ನೆಗೆ ಉತ್ತರ. ಫೋನಿನಲ್ಲಿ ಅಷ್ಟೆಲ್ಲ ಹೇಳಲು ಆಗಲಿಲ್ಲ.

ಕಲಬುರಗಿಯಿಂದ ಬೆಂಗಳೂರು ಸುಮಾರು 600 ಕಿ.ಮೀ. ಹೈದರಾಬಾದ್ ಸುಮಾರು 220. ಸೇಡಂನವರಿಗೆ ಇನ್ನೂ ಹತ್ತಿರ. ನಮ್ಮ ಕಡೆ ಯಾರಿಗಾದರೂ ಹೃದಯದ ತೊಂದರೆ, ಕಿಡ್ನಿ ತೊಂದರೆ ಬಂದರೆ ಡಾಕ್ಟರು ಚೀಟಿ ಬರೆಯುವುದು ಹೈದರಾಬಾದಿಗೆ. ಮದುವೆ ಸೀರೆಗೆ ಹೋಗುವುದು ಅಲ್ಲಿಗೆ, ಟ್ರ್ಯಾಕ್ಟರಿನ ಬಿಡಿಭಾಗ ತರುವುದು ಅಲ್ಲಿಂದ, ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಅಲ್ಲಿಗೆ. ಅಲ್ಲಿನ ಹಳೆಯ ಮನೆಗಳ ನೆಲಕ್ಕೆ ಹಾಸಿದ್ದು ನಮ್ಮ ಶಹಾಬಾದ್ ಕಡೆಯ ಕಲ್ಲು. ಇಷ್ಟೆಲ್ಲ ಇದ್ದೂ ನಮ್ಮ ಮಕ್ಕಳ ತಲೆಯಲ್ಲಿ ಹೈದರಾಬಾದ್ ಎಂದರೆ ಬಿರ್ಯಾನಿ, ಫಿಲ್ಮ್ ಸಿಟಿ ಮತ್ತು ಚಾರ್ಮಿನಾರಿನ ಪಕ್ಕದ ಲಾಡ್ ಬಜಾರಿನ ಬಳೆ. ಅದು ಹಲವು ತಲೆಮಾರು ನಮ್ಮ ರಾಜಧಾನಿಯಾಗಿತ್ತು ಎಂದು ಒಂಬತ್ತನೇ ತರಗತಿಯ ಹುಡುಗರಿಗೆ ಹೇಳಿದೆ. ನಕ್ಕರು. ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಬೇಕು.

ಸುಳ್ಳಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಕೊನೆಗೆ 16 ಜಿಲ್ಲೆಗಳಿದ್ದವು. ತೆಲುಗಿನವು 8, ಮರಾಠಿಯವು 5, ಕನ್ನಡದವು 3: ಗುಲಬರ್ಗಾ, ರಾಯಚೂರು, ಬೀದರ್. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಕೈಯಲ್ಲಿ, ಆಮೇಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿ, ನಮ್ಮ ಕಂದಾಯ, ನಮ್ಮ ಶಾಲೆ, ನಮ್ಮ ಪೊಲೀಸು, ಎಲ್ಲದರ ಹುಕುಂ ಬರುತ್ತಿದ್ದುದು ಅಲ್ಲಿಂದಲೇ. ನನ್ನ ಮುತ್ಯಾ ಸಾಯುವತನಕ ಲೆಕ್ಕ ಮಾಡುತ್ತಿದ್ದುದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಕನಸಿನಲ್ಲಿಯೂ ಕನ್ನಡವೇ ಇರಬೇಕು, ಆದರೆ ಜೋಳದ ಚೀಲ ಎಣಿಸುವಾಗ "ಉನ್ನೀಸ್, ಬೀಸ್, ಇಕ್ಕೀಸ್". ನಾಲ್ಕನೇ ಇಯತ್ತೆಯವರೆಗೆ ಕಲಿತ ಶಾಲೆ ಕೊಟ್ಟದ್ದು ಅಷ್ಟು.

ಪ್ರವಾಸಿಗರಿಗೆ ಹೇಳುವ ಕತೆಯಲ್ಲಿ ಹೈದರಾಬಾದ್ 1591ರಲ್ಲಿ ಶುರುವಾಗುತ್ತದೆ. ಮಹಮ್ಮದ್ ಕುಲಿ ಕುತುಬ್ ಷಾ ಮೂಸಿ ನದಿಯ ದಂಡೆಯಲ್ಲಿ ಹೊಸ ನಗರ ಕಟ್ಟಿದ, ನಡುವೆ ಚಾರ್ಮಿನಾರ್ ನಿಲ್ಲಿಸಿದ. ಭಾಗಮತಿ ಎಂಬ ನರ್ತಕಿಯ ಪ್ರೇಮಕತೆಯೂ ಜತೆಗೆ ಬರುತ್ತದೆ. ಅದು ನಿಜವೋ ಕಟ್ಟುಕತೆಯೋ ಎಂದು ಇತಿಹಾಸಕಾರರೇ ಇನ್ನೂ ಜಗಳವಾಡುತ್ತಾರೆ. ಇರಲಿ. ಆದರೆ ಆ ಕುತುಬ್ ಷಾಹಿಗಳು ಎಲ್ಲಿಂದ ಬಂದರು ಎಂದು ಯಾವ ಗೈಡೂ ಹೇಳಿದ್ದನ್ನು ನಾನು ಕೇಳಿಲ್ಲ. ಬಂದದ್ದು ಬೀದರಿನಿಂದ. ವಂಶದ ಮೂಲಪುರುಷ ಸುಲ್ತಾನ್ ಕುಲಿ ಇರಾನಿನ ಕಡೆಯಿಂದ ಬೀದರಿನ ಬಹಮನಿ ದರ್ಬಾರಿಗೆ ಕೆಲಸ ಹುಡುಕಿಕೊಂಡು ಬಂದವನು. ಅಲ್ಲೇ ಮೇಲೇರಿ ಕುತುಬ್-ಉಲ್-ಮುಲ್ಕ್ ಎಂಬ ಬಿರುದು ಪಡೆದ, ತೆಲಂಗಾಣದ ಸುಬೇದಾರನಾಗಿ ಗೋಲ್ಕೊಂಡಕ್ಕೆ ಹೋದ. ಬಹಮನಿ ರಾಜ್ಯ ಒಡೆದಾಗ ಸ್ವತಂತ್ರನಾದ. ಬಹಮನಿಗಳ ಮೊದಲ ರಾಜಧಾನಿ ಕಲಬುರಗಿ, ಎರಡನೆಯದು ಬೀದರ್. ಅಂದರೆ ಲೆಕ್ಕಕ್ಕೆ ಕಲಬುರಗಿ ಅಜ್ಜಿ, ಬೀದರ್ ತಾಯಿ, ಹೈದರಾಬಾದ್ ಮಗಳು. ಮಗಳ ಮನೆಗೆ ಹೋಗಿ, ನಾವು ಯಾರೋ ಎಂಬಂತೆ ಟಿಕೆಟ್ ತೆಗೆದುಕೊಂಡು ಸುಮ್ಮನೆ ಹೊರಗೆ ಬರುತ್ತಿದ್ದೇವೆ.

ಕಲಬುರಗಿಯ ಹಫ್ತ್ ಗುಂಬಜ್ ನೋಡಿದ ಹುಡುಗ, ಬೀದರಿನ ಅಷ್ಟೂರು ಗೋರಿಗಳನ್ನು ನೋಡಿದ ಹುಡುಗಿ, ಗೋಲ್ಕೊಂಡದ ಹತ್ತಿರದ ಕುತುಬ್ ಷಾಹಿ ಗೋರಿಗಳ ಮುಂದೆ ನಿಂತರೆ ಯಾರೂ ಪಾಠ ಹೇಳಬೇಕಿಲ್ಲ. ಗುಮ್ಮಟ ಹೇಗೆ ಉಬ್ಬಿತು, ಬುಡದಲ್ಲಿ ಕಮಲದ ದಳ ಹೇಗೆ ಬಂತು, ಗಾರೆ ಕೆಲಸ ಹೇಗೆ ಸೂಕ್ಷ್ಮವಾಯಿತು, ಕಣ್ಣೇ ಹೇಳುತ್ತದೆ. ಅಲ್ಲಿ ವರ್ಷಗಟ್ಟಲೆ ನಡೆದ ಜೀರ್ಣೋದ್ಧಾರದ ಕೆಲಸವನ್ನೂ ನೋಡಬೇಕು. ಸಿಮೆಂಟು ಕಿತ್ತು ಹಳೆಯ ಪದ್ಧತಿಯ ಸುಣ್ಣದ ಗಾರೆ ಹಾಕಿದ್ದಾರೆ. ನಮ್ಮ ಊರುಗಳ ಹಳೆಯ ಗುಡಿ, ಗುಮ್ಮಟಗಳಿಗೆ ಆಯಿಲ್ ಪೇಂಟ್ ಬಳಿಯುವ ಪಂಚಾಯಿತಿ ಮೆಂಬರುಗಳನ್ನು ಮೊದಲು ಅಲ್ಲಿಗೆ ಪ್ರವಾಸ ಕಳಿಸಬೇಕು.

ಗೋಲ್ಕೊಂಡ ಕೋಟೆಯಲ್ಲಿ ಎಲ್ಲ ಗೈಡುಗಳೂ ಮಾಡಿಸುವುದು ಒಂದೇ: ಫತೇ ದರ್ವಾಜಾದ ಗುಮ್ಮಟದ ಕೆಳಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಸುವುದು. ಸದ್ದು ಮೇಲೆ ಬಾಲಾ ಹಿಸಾರಿಗೆ ಕೇಳಿಸುತ್ತದೆ. ಚೆನ್ನಾಗಿದೆ, ಮಕ್ಕಳಿಗೆ ಖುಷಿ. ಆದರೆ 1686ರಲ್ಲಿ ನಮ್ಮ ವಿಜಯಪುರ ಬಿದ್ದ ಮರುವರ್ಷ, 1687ರಲ್ಲಿ, ಎಂಟು ತಿಂಗಳ ಮುತ್ತಿಗೆಯ ನಂತರ ಈ ಕೋಟೆ ಅದೇ ಔರಂಗಜೇಬನ ಕೈಗೆ ಬಿತ್ತು ಎಂದು ಹೇಳಿದರೆ ಮಕ್ಕಳಿಗೆ ಎರಡು ಊರುಗಳ ನಡುವೆ ಒಂದು ಗೆರೆ ಸಿಗುತ್ತದೆ. ಚಾರ್ಮಿನಾರ್ ಪಕ್ಕದ ಮಕ್ಕಾ ಮಸೀದಿಯನ್ನು ಶುರು ಮಾಡಿದ್ದು ಕುತುಬ್ ಷಾಹಿಗಳು, 1694ರಲ್ಲಿ ಮುಗಿಸಿದ್ದು ಅವರನ್ನು ಸೋಲಿಸಿದ ಔರಂಗಜೇಬ್. ಇಂಥವನ್ನು ಹೇಳಬೇಕು. ವಜ್ರದ ಕತೆ ಹೇಗಿದ್ದರೂ ಗೈಡೇ ಹೇಳುತ್ತಾನೆ.

ಹುಸೇನ್ ಸಾಗರದ ನಡುವಿನ ಬುದ್ಧನ ಮುಂದೆ ಎಲ್ಲರೂ ಸೆಲ್ಫಿ ತೆಗೆಯುತ್ತಾರೆ. ಬುದ್ಧ ಅಲ್ಲಿ ನಿಂತದ್ದು 1992ರಲ್ಲಿ. 1990ರಲ್ಲಿ ಸಾಗಿಸುವಾಗ ಬಾರ್ಜು ಮಗುಚಿ ಮೂರ್ತಿ ಕೆರೆಯ ತಳ ಸೇರಿತ್ತು, ಜೀವಗಳೂ ಹೋದವು. ಆದರೆ ಕೆರೆ 16ನೇ ಶತಮಾನದ್ದು, ಇಬ್ರಾಹಿಂ ಕುತುಬ್ ಷಾನ ಕಾಲದ್ದು. ಅದನ್ನು ಕಟ್ಟಿಸಿದ ಹುಸೇನ್ ಷಾ ವಲಿ ಯಾರ ವಂಶದವರು ಎಂದು ಅಲ್ಲಿನ ಹಿರಿಯರನ್ನು ಕೇಳಿ ನೋಡಿ. ಕಲಬುರಗಿಯ ಖ್ವಾಜಾ ಬಂದೇನವಾಜರ ವಂಶ ಎನ್ನುತ್ತಾರೆ. ನಮ್ಮ ದರ್ಗಾದ ಉರುಸಿಗೆ ಹೋಗುವವರಿಗೂ ಇದು ಗೊತ್ತಿಲ್ಲ.

ನನ್ನ ಮಟ್ಟಿಗೆ ಹೈದರಾಬಾದಿನಲ್ಲಿ ನೋಡಲೇಬೇಕಾದ ಜಾಗ ಮಾತ್ರ ಬೇರೆ. ಅದಕ್ಕೆ ಟಿಕೆಟ್ ಇಲ್ಲ, ಬೋರ್ಡು ನೋಡುವವರಿಲ್ಲ. ನಮ್ಮ ಬಸ್ಸುಗಳು ಹೋಗಿ ನಿಲ್ಲುವ ದೊಡ್ಡ ಬಸ್ ನಿಲ್ದಾಣಕ್ಕೆ ಜನ ಇಂದಿಗೂ ಇಮ್ಲಿಬನ್ ಎನ್ನುತ್ತಾರೆ. ಹುಣಸೆತೋಪು ಎಂದರ್ಥ. ಅಲ್ಲಿಂದ ಮೂಸಿಯ ದಂಡೆ ಹಿಡಿದು ನಡೆದರೆ ಅಫ್ಜಲ್‌ಗಂಜ್, ಉಸ್ಮಾನಿಯಾ ಆಸ್ಪತ್ರೆ. ಆ ಆವರಣದಲ್ಲಿ ಒಂದು ಮುದಿ ಹುಣಸೆಮರ ಇದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ನಗರದೊಳಗೆ ನುಗ್ಗಿದಾಗ ಈ ಮರದ ಕೊಂಬೆ ಹಿಡಿದು ನೂರೈವತ್ತಕ್ಕೂ ಹೆಚ್ಚು ಜನ ಬದುಕಿದರು. ನಗರದಲ್ಲಿ ಸತ್ತವರು ಸುಮಾರು 15 ಸಾವಿರ ಎಂಬ ಅಂದಾಜಿದೆ. ಈಗಲೂ ಪ್ರತಿವರ್ಷ ಆ ದಿನ ಕೆಲವರು ಮರದ ಕೆಳಗೆ ಸೇರಿ ನೆನೆಯುತ್ತಾರೆ.

ಸಂಬಂಧಿಕರೊಬ್ಬರ ಆಪರೇಷನ್ ಸಲುವಾಗಿ ಆ ಆವರಣದಲ್ಲಿ ನಾನು ಮೂರು ದಿನ ಕಳೆದಿದ್ದೆ. ಸುತ್ತ ಟವೆಲ್ ಹಾಸಿಕೊಂಡು ಬುತ್ತಿ ಬಿಚ್ಚಿದವರಲ್ಲಿ ಅರ್ಧ ಜನ ನಮ್ಮ ಕಡೆಯವರೇ. ಚಿಂಚೋಳಿ, ಹುಮನಾಬಾದ್, ಯಾದಗಿರಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಆ ಮರದ ಕತೆ ನನಗೆ ಗೊತ್ತಾದದ್ದು ಊರಿಗೆ ಬಂದು ಎಷ್ಟೋ ವರ್ಷಗಳ ಮೇಲೆ. ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವನು ನಾನು, ಮೂರು ದಿನ ಅಲ್ಲೇ ಕೂತು ಒಬ್ಬರನ್ನೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಆ ಪ್ರವಾಹದ ನಂತರ ನಿಜಾಮ ಸರ್ಕಾರ ಕರೆಸಿದ್ದು ಯಾರನ್ನು? ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಮುಂಬೈ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. 1909ರಲ್ಲಿ ಹೈದರಾಬಾದಿಗೆ ಬಂದರು. ನದಿಗೆ ಊರೊಳಗೆ ಗೋಡೆ ಕಟ್ಟಿದರೆ ಸಾಲದು, ನೀರನ್ನು ಊರಿನ ಮೇಲ್ಗಡೆಯೇ ಹಿಡಿದು ನಿಲ್ಲಿಸಬೇಕು ಎಂಬುದು ಅವರ ಯೋಜನೆಯ ತಿರುಳು. ಅದರಂತೆ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಗರಕ್ಕೆ ಕುಡಿಯುವ ನೀರೂ ಸಿಕ್ಕಿತು. ಅದೇ 1909ರ ಕೊನೆಗೆ ಅವರು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಹೋದರು. ಮುಂದಿನ ಕನ್ನಂಬಾಡಿಯ ಕತೆ ನಮ್ಮ ಎಲ್ಲ ಮಕ್ಕಳಿಗೂ ಬಾಯಿಪಾಠ. ಮೂಸಿಯ ಕತೆ ಪಾಠದಲ್ಲಿಲ್ಲ, ಯಾಕೆಂದರೆ ನಮ್ಮ ಪಾಠದ ಭೂಪಟ ಮೈಸೂರಿನಿಂದ ಶುರುವಾಗಿ ಬಳ್ಳಾರಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ.

ಇನ್ನೊಂದು ಮಾತು. ಮೂಸಿ ಹುಟ್ಟುವುದು ವಿಕಾರಾಬಾದಿನ ಅನಂತಗಿರಿ ಗುಡ್ಡದಲ್ಲಿ. ನಮ್ಮ ಕಾಗಿಣಾ ಹುಟ್ಟುವುದೂ ಅದೇ ಗುಡ್ಡಸಾಲಿನಲ್ಲಿ. ಮೂಸಿ ಮೂಡಲಿಗೆ ಹರಿದು ಹೈದರಾಬಾದಿಗೆ ಹೋಯಿತು. ಕಾಗಿಣಾ ಪಡುವಲಿಗೆ ತಿರುಗಿ ತಾಂಡೂರು, ಸೇಡಂ ದಾಟಿ ರಾಷ್ಟ್ರಕೂಟರ ಮಳಖೇಡಕ್ಕೆ ಬಂತು. ಸೇಡಂನಿಂದ ರೈಲು ಹತ್ತಿದ ಮಕ್ಕಳಿಗೆ ವಿಕಾರಾಬಾದ್ ಬಂದಾಗ ಕಿಟಕಿಯಿಂದ ಆ ಗುಡ್ಡ ತೋರಿಸಿದರೆ ಭೂಗೋಳದ ಒಂದು ಇಡೀ ಪಾಠ ಮುಗಿಯುತ್ತದೆ. ಆ ರೈಲೂ ನಮ್ಮದೇ ಕತೆ. 1874ರಲ್ಲಿ ನಿಜಾಮರ ದುಡ್ಡಿನಲ್ಲಿ ಹಾಕಿದ ಹಳಿ ಶುರುವಾದದ್ದು ನಮ್ಮ ವಾಡಿಯಿಂದ. ಮುಂಬೈ ರೈಲಿಗೆ ಹೈದರಾಬಾದನ್ನು ಜೋಡಿಸಿದ ಗಂಟು ಅದು. ಇಂದು ವಾಡಿ ಎಂದರೆ ಸಿಮೆಂಟಿನ ಧೂಳು ಮತ್ತು ರೈಲು ಬದಲಿಸುವ ಸ್ಟೇಷನ್, ಅಷ್ಟೇ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಸಾಲಾರ್ ಜಂಗ್ ಮ್ಯೂಸಿಯಂಗೆ ಎಲ್ಲರೂ ಹೋಗುತ್ತಾರೆ. ಗಂಟೆ ಬಾರಿಸಲು ಪುಟ್ಟ ಗೊಂಬೆ ಬಾಗಿಲು ತೆಗೆದು ಹೊರಬರುವ ಗಡಿಯಾರದ ಮುಂದೆ ಕುರ್ಚಿ ಹಿಡಿದು ಕಾಯುತ್ತಾರೆ. ಮುಸುಕು ಹಾಕಿದ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿ ನೋಡಿ, ಕಲ್ಲು ಬಟ್ಟೆಯಾದದ್ದು ಹೇಗೆ ಎಂದು ಬೆರಗಾಗುತ್ತಾರೆ. ನಾನೂ ಆಗಿದ್ದೇನೆ. ಆ ಮೂರ್ತಿಯನ್ನು 1876ರಲ್ಲಿ ರೋಮಿನಲ್ಲಿ ಕೊಂಡು ತಂದವರು ಮೊದಲನೇ ಸಾಲಾರ್ ಜಂಗ್, ನಿಜಾಮರ ದಿವಾನರು. ಇದೇ ದಿವಾನರ ಕಾಲದಲ್ಲಿ, 1858ರ ಆರಂಭದಲ್ಲಿ, ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ ಸೋತು ಹೈದರಾಬಾದಿಗೆ ಬಂದ. ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಪೇಟೆಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದರು. ಸಾಲಾರ್ ಜಂಗ್ ಅವನನ್ನು ಬ್ರಿಟಿಷ್ ರೆಸಿಡೆಂಟರಿಗೆ ಒಪ್ಪಿಸಿದರು. ಅವನನ್ನು ಚಿಕ್ಕಂದಿನಿಂದ ಬಲ್ಲ ಮೆಡೋಸ್ ಟೇಲರ್ ಸೆರೆಯಲ್ಲಿ ಹೋಗಿ ಕಂಡಿದ್ದನ್ನು ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಶಿಕ್ಷೆಗೆಂದು ಚೆಂಗಲ್‌ಪೇಟೆಗೆ ಒಯ್ಯುವ ದಾರಿಯಲ್ಲಿ, ಹೈದರಾಬಾದಿನ ಹತ್ತಿರವೇ, ಗುಂಡೇಟಿನಿಂದ ರಾಜ ಸತ್ತ. ತಾನೇ ಹಾರಿಸಿಕೊಂಡ ಎಂಬುದು ಬ್ರಿಟಿಷರ ಬರಹ. ಆಮೇಲೆ, ಬಂಡಾಯದ ಹೊತ್ತಿನಲ್ಲಿ ಜತೆಗಿದ್ದುದಕ್ಕೆ ಬಹುಮಾನವಾಗಿ, ಸುರಪುರ ಸೀಮೆಯನ್ನು ಬ್ರಿಟಿಷರು ನಿಜಾಮರಿಗೆ ಬಿಟ್ಟುಕೊಟ್ಟರು.

ಸುರಪುರದ ಮಕ್ಕಳು ಆ ಮ್ಯೂಸಿಯಮ್ಮಿಗೆ ಹೋಗಿ ಗಡಿಯಾರ ನೋಡಿ ಬರುತ್ತಾರೆ. ತಮ್ಮ ರಾಜನನ್ನು ಹಿಡಿದುಕೊಟ್ಟ ಮನೆತನದ ಸಂಗ್ರಹ ಇದು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಮ್ಯೂಸಿಯಂ ಕೆಟ್ಟದ್ದಾಗುವುದಿಲ್ಲ. ರೆಬೆಕ್ಕಾ ಅಷ್ಟೇ ಚೆಲುವೆಯಾಗಿರುತ್ತಾಳೆ. ಆದರೆ ನೋಡುವ ಕಣ್ಣು ಬೇರೆಯಾಗುತ್ತದೆ.

ಇದನ್ನೆಲ್ಲ ಹೇಳಿದಾಗ ನಮ್ಮ ಊರಿನ ಹಿರಿಯರೊಬ್ಬರು ನನ್ನನ್ನು ಬೈದರು. "ತಮ್ಮಾ, ರಜಾಕಾರರ ಹಾವಳಿ ನೀ ನೋಡಿಲ್ಲ. ಆ ಊರಿನ ಹೆಸರು ನಮ್ಮ ಮ್ಯಾಲಿಂದ ಹೋದದ್ದೇ ಪುಣ್ಯ. ಮತ್ಯಾಕ ಅದರ ಉಸಾಬರಿ?" ಅವರ ಮಾತನ್ನು ಹಗುರ ಮಾಡಲಾರೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ನೆನಪು ಇನ್ನೂ ಆರಿಲ್ಲ. ಕನ್ನಡ ಶಾಲೆ ನಡೆಸುವುದೇ ಹೋರಾಟವಾಗಿದ್ದ ಕಾಲ ಅದು. 1907ರಲ್ಲಿ ಶುರುವಾದ ಕಲಬುರಗಿಯ ನೂತನ ವಿದ್ಯಾಲಯದಂಥ ಸಂಸ್ಥೆಗಳು ಇಲ್ಲದಿದ್ದರೆ ನಾನು ಇವತ್ತು ಕನ್ನಡದಲ್ಲಿ ಬರೆಯುತ್ತಿರಲಿಲ್ಲವೇನೋ. ಇದರ ಇನ್ನೊಂದು ಮಗ್ಗುಲನ್ನು ನಾವು ಇನ್ನೂ ಕಡಿಮೆ ಮಾತಾಡುತ್ತೇವೆ. ಪೊಲೀಸ್ ಕಾರ್ಯಾಚರಣೆಯ ನಂತರ ನಮ್ಮ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಬಗ್ಗೆ ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ವರದಿ ಕೊಟ್ಟಿತ್ತು. ಅದು ದಶಕಗಟ್ಟಲೆ ಬೆಳಕಿಗೆ ಬರಲಿಲ್ಲ. ಹೆಚ್ಚು ಹಾನಿಯಾದ ಜಿಲ್ಲೆಗಳ ಪೈಕಿ ಗುಲಬರ್ಗಾ, ಬೀದರ್ ಇದ್ದವು. ಎರಡೂ ಕಡೆಯ ಮನೆಗಳು ನಮ್ಮ ಊರುಗಳಲ್ಲೇ, ಒಂದೇ ಓಣಿಯಲ್ಲೇ ಇವೆ. ಎರಡೂ ಕಡೆಯವರು ಆ ಮಾತು ಬಂದಾಗ ಚಹಾ ತರಿಸುತ್ತಾರೆ.

ಹಿರಿಯರಿಗೆ ನನ್ನ ಉತ್ತರ ಇಷ್ಟೇ. ಆ ನಗರಕ್ಕೆ ಹೋಗುವುದು ನಿಜಾಮರಿಗೆ ಸಲಾಂ ಹೊಡೆಯಲು ಅಲ್ಲ. ನಿಜಾಮರನ್ನು ಎದುರಿಸಿದವರೂ ಅದೇ ನಗರದಲ್ಲಿದ್ದರು. ಸಂಸ್ಥಾನದ ಕಾಂಗ್ರೆಸ್ ಹೋರಾಟ ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು ನಮ್ಮ ಸಿಂದಗಿ ನೆಲದವರು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾಯಿತು, ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಹೆಮ್ಮೆ ಅದರದ್ದು. ಅದೇ ವಿಶ್ವವಿದ್ಯಾಲಯ 1938ರಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಗೆ ಹಾಕಿತು. ಆ ಕಲ್ಲಿನ ಆರ್ಟ್ಸ್ ಕಾಲೇಜಿನ ಮುಂದೆ ನಿಂತು ಎರಡೂ ಸಂಗತಿಯನ್ನು ಒಟ್ಟಿಗೇ ಹೇಳಬಹುದು. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ. ನೃಪತುಂಗನ ರಾಜಧಾನಿ ನಮ್ಮ ತಾಲೂಕಿನ ಮಳಖೇಡ. ಮಳಖೇಡದ ಹುಡುಗರು ಕಾಚಿಗುಡದ ಆ ಹೆಸರಿನ ಫಲಕದ ಕೆಳಗೆ ಒಂದು ಫೋಟೊ ತೆಗೆಸಿಕೊಳ್ಳಲಿ ಎಂಬುದು ನನ್ನ ಆಸೆ. ನಗರದ ಅಂಚಿನ ಪಟಾನ್‌ಚೆರು ಹಿಂದೆ ಪೊಟ್ಟಲಕೆರೆಯಾಗಿತ್ತು, ಕಲ್ಯಾಣದ ಚಾಲುಕ್ಯ ಜಯಸಿಂಹನ ನೆಲೆವೀಡು. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ಆ ದರ್ಬಾರಿಗೆ ಹೋಗಿದ್ದ ಎಂಬ ಕತೆ ಶರಣರ ಚರಿತೆಗಳಲ್ಲಿ ಬರುತ್ತದೆ. ಇವತ್ತು ಅಲ್ಲಿ ಔಷಧಿ ಕಾರ್ಖಾನೆಗಳು.

2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ಬಸವಣ್ಣನ ಕಲ್ಯಾಣದ ಹೆಸರು ಬಂದದ್ದು ನನಗೂ ಸಂತೋಷವೇ. ನನ್ನ ತಕರಾರು ಹೆಸರಿನ ಮೇಲಲ್ಲ. ಬೋರ್ಡು ಬದಲಾದ ಕೂಡಲೇ ಅದರ ಹಿಂದಿನ ಕಪಾಟನ್ನೂ ಮುಚ್ಚಿಬಿಟ್ಟೆವು ಎಂಬುದು ನನ್ನ ದೂರು. 371ಜೆ ಮೀಸಲಾತಿ ಯಾಕೆ ಸಿಕ್ಕಿತು ಎಂದು ನಮ್ಮ ಡಿಗ್ರಿ ಹುಡುಗರನ್ನು ಕೇಳಿದರೆ "ನಾವು ಹಿಂದುಳಿದವರು ಅದಕ್ಕ" ಎನ್ನುತ್ತಾರೆ. ಯಾಕೆ ಹಿಂದುಳಿದೆವು, ಯಾವ ದಫ್ತರಿನಲ್ಲಿ ಕೂತು ಯಾರು ಏನು ನಿರ್ಧಾರ ಮಾಡಿದರು ಎಂಬುದಕ್ಕೆ ಉತ್ತರ ಇಲ್ಲ. ಆ ದಫ್ತರಿನ ಕಾಗದಗಳು ಇರುವುದು ಹೈದರಾಬಾದಿನಲ್ಲಿ.

ಕಾಗದ ಎಂದರೆ ಬರೀ ಇತಿಹಾಸ ಅಲ್ಲ, ಹೊಲವೂ ಹೌದು. ಕೆಲ ವರ್ಷಗಳ ಹಿಂದೆ ಒಬ್ಬ ರೈತ ನನ್ನ ಹತ್ತಿರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳದಿ ಹಾಳೆ ತಂದಿದ್ದ. ಇನಾಮು ಭೂಮಿಯ ದಾಖಲೆ, ನಿಜಾಮರ ಕಾಲದ್ದು, ಉರ್ದು. ಕಚೇರಿಯಲ್ಲಿ ಓದುವವರಿಲ್ಲ ಎಂದು ವಾಪಸ್ ಕಳಿಸಿದ್ದರು. ಊರಿನ ಮಸೀದಿಯ ಮೌಲ್ವಿ ಸಾಬರು ಕನ್ನಡಕ ಒರೆಸಿಕೊಂಡು ಅರ್ಧ ಓದಿದರು. ಉಳಿದರ್ಧ ಹಳೆಯ ಶಿಕಸ್ತಾ ಬರಹ, ಅವರಿಗೂ ಬಿಡಿಸಲಾಗಲಿಲ್ಲ. ಅದರ ಮೂಲ ಪ್ರತಿ ಹುಡುಕಲು ಆ ರೈತ ಹೈದರಾಬಾದಿಗೆ ನಾಲ್ಕು ಸಲ ಅಲೆದ. ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಸರ್ಕಾರದ ಫಾರ್ಸಿ, ಉರ್ದು ದಾಖಲೆಗಳ ರಾಶಿಯೇ ಇದೆ. ಅದರಲ್ಲಿ ನಮ್ಮ ಮೂರು ಹಳೆಯ ಜಿಲ್ಲೆಗಳ ಪಾಲು ಸಣ್ಣದಲ್ಲ. ಆದರೆ ಭಾಷೆ ಬಾರದ, ಪರಿಚಯ ಇಲ್ಲದ, ಎರಡು ದಿನದ ಕೂಲಿ ಬಿಟ್ಟು ಬಂದ ರೈತನಿಗೆ ಅಲ್ಲಿ ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿಯದು. ನಾಲ್ಕನೇ ಸಲ ಬರಿಗೈಲಿ ಬಂದ ಮೇಲೆ ಅವನು ಬಿಟ್ಟ.

ಹಾಗಾಗಿ ನನ್ನ ಬೇಡಿಕೆ ಎರಡು. ಒಂದು ದೊಡ್ಡದು: ನಮ್ಮ ಭಾಗದ ಅಭಿವೃದ್ಧಿಗೆಂದು ಇರುವ ಮಂಡಳಿ ವರ್ಷವೂ ಕೋಟಿಗಟ್ಟಲೆ ಖರ್ಚು ಮಾಡುತ್ತದೆ. ಅದರಲ್ಲಿ ಒಂದು ಚೂರು ತೆಗೆದು, ತೆಲಂಗಾಣ ಸರ್ಕಾರದ ಜತೆ ಒಪ್ಪಂದ ಮಾಡಿಕೊಂಡು, ನಮ್ಮ ಜಿಲ್ಲೆಗಳ ಆ ದಾಖಲೆಗಳ ಸ್ಕ್ಯಾನ್ ಪ್ರತಿ ಕಲಬುರಗಿಗೆ ತರಿಸಬೇಕು. ಹಳೆಯ ಉರ್ದು, ಫಾರ್ಸಿ ಓದಬಲ್ಲ ಹತ್ತು ಯುವಕ ಯುವತಿಯರನ್ನು ತಯಾರು ಮಾಡಬೇಕು. ಸಿ.ಸಿ. ರಸ್ತೆಯ ಮೇಲೆ ಮತ್ತೆ ಸಿ.ಸಿ. ರಸ್ತೆ ಹಾಕುವ ದುಡ್ಡಿನಲ್ಲಿ ಇದು ಆಗುತ್ತದೆ.

ಇನ್ನೊಂದು ಸಣ್ಣದು, ಮಾಸ್ತರರು ಕೇಳಿದ್ದು. ಸರ್ಕಾರಿ ಪ್ರವಾಸ ಯೋಜನೆಯ ಹೆಸರೇ ಕರ್ನಾಟಕ ದರ್ಶನ, ಗಡಿ ದಾಟಬೇಕೆಂದರೆ ಮೇಲಿನವರ ಅನುಮತಿ, ಅದು ಇದು ಎಂದು ಅವರು ಹೇಳುತ್ತಾರೆ. ಗಡಿ ಜಿಲ್ಲೆಯ ಮಕ್ಕಳಿಗಾದರೂ ಈ ನಿಯಮ ಸಡಿಲವಾಗಬೇಕು. ಸೇಡಂನ ಹುಡುಗಿಗೆ ಮೈಸೂರು ಅರಮನೆ ಎಷ್ಟು ತನ್ನದೋ ಚೌಮಹಲ್ಲಾ ಅರಮನೆಯೂ ಅಷ್ಟೇ ತನ್ನದು. ಅವಳ ಮುತ್ಯಾ ಕಟ್ಟಿದ ಕಂದಾಯ ಹೋಗಿದ್ದು ಆ ದರ್ಬಾರು ಹಾಲಿನ ದೀಪದ ಗೊಂಚಲುಗಳಿಗೆ.

ಮಾಸ್ತರರು ಕೊನೆಗೆ ಅರ್ಜಿ ಬರೆದಿದ್ದಾರೆ. ನಿನ್ನೆ ಮತ್ತೆ ಫೋನ್ ಬಂದಿತ್ತು. ಹೆಣ್ಣುಮಕ್ಕಳ ಮನೆಯವರು ಒಂದೇ ದಿನದಲ್ಲಿ ವಾಪಸ್ ಬರಬೇಕು ಅನ್ನುತ್ತಾರಂತೆ, ರೈಲೋ ಬಸ್ಸೋ ಎಂದು ಕೇಳಿದರು. ಹೋಗುವಾಗ ರೈಲು, ಬರುವಾಗ ಬಸ್ಸು ಎಂದೆ, ಬೆಳಕಿನಲ್ಲಿ ವಿಕಾರಾಬಾದಿನ ಗುಡ್ಡ ಕಾಣಬೇಕಲ್ಲ. ಒಂದೇ ದಿನವಾದರೆ ಗೋಲ್ಕೊಂಡ ಬಿಡಿ, ಮೂಸಿ ದಂಡೆ, ಹುಣಸೆಮರ, ಮ್ಯೂಸಿಯಂ, ಚಾರ್ಮಿನಾರ್ ಅಷ್ಟೇ ಇಟ್ಟುಕೊಳ್ಳಿ, ಎಲ್ಲವೂ ನಡೆದುಹೋಗುವಷ್ಟು ಹತ್ತಿರ ಎಂದೆ. ಬಳೆ ಕೊಳ್ಳಲು ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ಹುಡುಗಿಯರು ನಿಮ್ಮನ್ನು ಬಿಡುವುದಿಲ್ಲ. ಶುಕ್ರವಾರ ಮಾತ್ರ ಹೊರಡಬೇಡಿ, ಸಾಲಾರ್ ಜಂಗ್ ಮುಚ್ಚಿರುತ್ತದೆ.